ಶೇಕಡಾ 118

ನಮ್ಮ ಓಣಿಯ ಎಂಆರ್ (ಮೆಡಿಕಲ್ ರೆಪ್ರೆಸೆಂಟೇಟಿವ್) ವರ್ಷಕ್ಕೊಮ್ಮೆ, ಇಯರ್ ಎಂಡಿಂಗ್ ಮುಗಿದ ಮರುವಾರ, ಪೆನ್‌ಡ್ರೈವ್ ಹಿಡಿದು ಬರುತ್ತಾನೆ. ‘ಸಾರ್, ಸ್ವಲ್ಪ ರೆಸ್ಯೂಮೆ ನೋಡಿ. ಇಂಗ್ಲಿಷ್ ತಿದ್ದಿ, ಅಂಕಿ ಮುಟ್ಟಬೇಡಿ.’

ಓಣಿಯಲ್ಲಿ ಎಂಆರ್. ವಿಸಿಟಿಂಗ್ ಕಾರ್ಡಿನಲ್ಲಿ ಟೆರಿಟರಿ ಬಿಸಿನೆಸ್ ಮ್ಯಾನೇಜರ್. ಕಾನೂನಿನ ಪ್ರಕಾರ ಬರೀ ಮಾರಾಟ ಉತ್ತೇಜನ ನೌಕರ. ಕ್ಲಿನಿಕ್ಕಿನ ಕಂಪೌಂಡರ್ ಬಾಯಲ್ಲಿ ‘ಏ ಬ್ಯಾಗು, ಆಮೇಲೆ ಬಾ’. ರೆಸ್ಯೂಮೆಯಲ್ಲಿ ಮಾತ್ರ ‘ಡೈನಾಮಿಕ್ ಟೀಮ್ ಲೀಡರ್’. ಟೆರಿಟರಿಯಲ್ಲಿ ಇರುವವನು ಇವನೊಬ್ಬನೇ. ಕೇಳಿದರೆ, ‘ಅದಕ್ಕೇ ಸಾರ್, ನಂಬರ್ ಒನ್ ಅಂತಾನೂ ಹಾಕಿದೀನಿ.’

ಫೋಟೋದಲ್ಲಿರುವುದು ಸ್ಟುಡಿಯೋದ ಕೋಟು. ಊರಿನ ಅರ್ಧ ನಿರುದ್ಯೋಗ ಅದೇ ಕೋಟಿನೊಳಗೆ ನಕ್ಕಿದೆ. ಹವ್ಯಾಸ: ಓದು. ಓದುವುದು ಡಾಕ್ಟರ ಬಾಗಿಲಿನ ಬೋರ್ಡು, ‘ಎಂಆರ್‌ಗಳಿಗೆ ಮಧ್ಯಾಹ್ನ 2ರ ನಂತರ’.

ನಡುವೆ ದಪ್ಪಕ್ಷರದಲ್ಲಿ: ಟಾರ್ಗೆಟ್ಟಿನ ಶೇ 118 ಸಾಧನೆ. ಕಂಪನಿಯ ಮಾಲು ಸ್ಟಾಕಿಸ್ಟ್ ಗೋಡೌನಿಗೆ ಇಳಿದರೆ ಪ್ರೈಮರಿ, ಅಲ್ಲಿಂದ ಮೆಡಿಕಲ್ ಶಾಪಿಗೆ ಹೋದರೆ ಸೆಕೆಂಡರಿ. ಇವನದು ಪ್ರೈಮರಿಯ 118. ಮಾರ್ಚ್ 31ರ ರಾತ್ರಿ ಸ್ಟಾಕಿಸ್ಟರ ಕೈಕಾಲು ಹಿಡಿದು ಇಳಿಸಿದ ಬಾಕ್ಸುಗಳು ಆಷಾಢದ ಹೊಸ ಸೊಸೆಯಂತೆ ತವರಿಗೆ ಹೊರಡುತ್ತವೆ. ಸೊಸೆಯಾದರೂ ಶ್ರಾವಣಕ್ಕೆ ಬಂದಾಳು. ಇವು ಎಕ್ಸ್‌ಪೈರಿ ಆಗಿ ಅಲ್ಲೇ ಉಳಿಯುತ್ತವೆ.

ಇವನ ಮೂವರು ಗೆಳೆಯರ ರೆಸ್ಯೂಮೆಯನ್ನೂ ನಾನೇ ತಿದ್ದಿದ್ದೇನೆ. ಅಲ್ಲೂ 118. ‘ಅದೇ ಯಾಕಯ್ಯಾ?’

‘110 ಅಂದ್ರೆ ಸಪ್ಪೆ. 120 ಅಂದ್ರೆ ಸುಳ್ಳು ಅಂತ ಗೊತ್ತಾಗ್ತದೆ. 118ರಾಗೆ ಒಂಥರಾ ಪ್ರಾಮಾಣಿಕತೆ ಐತಿ ಸಾರ್.’

ನಾಲ್ವರೂ ಮಾರುವುದು ಅಸಿಡಿಟಿ ಮಾತ್ರೆ. ನಾಲ್ಕೂ 118 ನಿಜವಾದರೆ ನಮ್ಮ ದಾವಣಗೆರೆಯವರು ಮಂಡಕ್ಕಿ ಬಿಟ್ಟು ಮಾತ್ರೆಗೇ ಒಗ್ಗರಣೆ ಹಾಕಿ, ಮಿರ್ಚಿ ನಂಚಿಕೊಂಡು ತಿನ್ನುತ್ತಿರಬೇಕು.

ಚಹಾ ಕುಡಿಯುತ್ತಾ ಆತ ಹೇಳಿದ ಇನ್ನೊಂದು ಸಂಗತಿ ರೆಸ್ಯೂಮೆಯಲ್ಲಿ ಎಲ್ಲೂ ಇಲ್ಲ. ಹೊನ್ನಾಳಿ ಕಡೆಯ ಡಾಕ್ಟರೊಬ್ಬರು ಎಂಆರ್ ಕಂಡರೆ ಬಾಗಿಲು ಹಾಕುತ್ತಿದ್ದರಂತೆ. ಇವನು ಆರು ತಿಂಗಳು, ಪ್ರತಿ ಗುರುವಾರ, ಮಳೆಯಲ್ಲೂ ಬೈಕಿನಲ್ಲಿ ಹೋಗಿ ರೋಗಿಗಳ ಬೆಂಚಿನ ಕೊನೆಯಲ್ಲಿ ಕೂತ. ಏಳನೇ ತಿಂಗಳು ಅವರೇ ಕರೆದು ಮಾತಾಡಿಸಿದರು. ಈಗ ಅಕ್ಕಪಕ್ಕದ ಮೆಡಿಕಲ್ ಶಾಪಿನವರು ತಾವಾಗಿ ಫೋನ್ ಮಾಡಿ ಆರ್ಡರ್ ಕೊಡುತ್ತಾರೆ. ಒಂದು ಬಾಕ್ಸೂ ವಾಪಸ್ ಬಂದಿಲ್ಲ. ‘ಇದನ್ನ ಮೊದಲ ಸಾಲಿಗೇ ಬರಿಯಪ್ಪ’ ಅಂದೆ. ನಾನೇ ಟೈಪ್ ಮಾಡಿದೆ.

ಆತ ಅಳಿಸಿದ. ‘ಅದೇನ್ ಸಾರ್, ಅದು ಕೆಲಸ. ಇದು ರೆಸ್ಯೂಮೆ.’

ಅದೇ ರೆಸ್ಯೂಮೆ ಹಿಡಿದು ಹೋದವನು ಇಂಟರ್‌ವ್ಯೂ ಮುಗಿಸಿ ಒಂದು ಸಂಜೆ ಬಂದ. ಅಲ್ಲಿನ ಮ್ಯಾನೇಜರ್ ಬಾಗಿಲು ಹಾಕಿಸಿ, ಮೆಲ್ಲಗೆ, ಈ ಫಾರ್ಮ್ಯಾಟ್ ಮಾಡಿಕೊಟ್ಟವರು ಯಾರು ಎಂದು ಕೇಳಿದರಂತೆ. ಅವರಿಗೂ ಒಂದು ಬೇಕಂತೆ, ಅರ್ಜೆಂಟು. ಹೊಸ ಪೆನ್‌ಡ್ರೈವ್ ಮೇಜಿನ ಮೇಲಿಟ್ಟ.

‘ಇವರಿಗೂ 118 ಹಾಕಲಾ?’

‘ದೊಡ್ಡ ಪೋಸ್ಟ್ ಅಲ್ವಾ ಸಾರ್, 127 ಇರಲಿ.’