ಅಡ್ಡ ಬಿದ್ದ ಮರ, ಉದ್ದುದ್ದ ಸಲಹೆ

ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಅಕೇಶಿಯಾ ಮರವೊಂದು ರಸ್ತೆಗೆ ಅಡ್ಡ ಬಿತ್ತೆಂದರೆ, ಕೊಯ್ಯುವವನು ಒಬ್ಬ. ಕೊಡೆ ಹಿಡಿದು ಸಲಹೆ ಕೊಡಲು ಊರಿಗೆ ಊರೇ ಹಾಜರು. ಮನೆಯಲ್ಲಿ ಚೈನ್ ಸಾ ಇದೆ ಎಂಬ ಒಂದೇ ಅಪರಾಧಕ್ಕೆ ಆ ಒಬ್ಬ ನಾನು. ಹೆಲ್ಮೆಟ್, ಕನ್ನಡಕ, ಕೈಗವಸು, ದಪ್ಪ ಬೂಟು ಏರಿಸಿ ಹೊರಟರೆ ನಮ್ಮ ನಾಯಿಯೇ ಗುರುತು ಸಿಗದೆ ಬೊಗಳುತ್ತದೆ. "ಇವತ್ತು ಆಟ ಎಲ್ಲಿ ಮಾರಾಯ್ರೇ, ವೇಷ ಜೋರಿದೆ!" ಎನ್ನುತ್ತಾರೆ ಪಕ್ಕದ ತೋಟದ ಭಟ್ಟರು.

ನಾನು ಪುಕ್ಕಲ, ಒಪ್ಪಿದೆ. ಆದರೆ ಗರಗಸದ ಬಾರ್‌ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ, ಅದು ರೆಪ್ಪೆ ಬಡಿಯುವುದರೊಳಗೆ ಕೊಯ್ಯುವವನ ಮುಖಕ್ಕೇ ಹಾರುತ್ತದೆ. ಚೈನ್ ಬ್ರೇಕ್ ಇರುವುದೇ ಅದಕ್ಕೆ. ಬಾಗಿ ಸಿಕ್ಕಿಕೊಂಡ ಕೊಂಬೆಯೋ, ಸಿಟ್ಟು ನುಂಗಿ ಕೂತ ನೆಂಟನ ಹಾಗೆ. ಎಲ್ಲಿ ಮುಟ್ಟಿದರೆ ಸಿಡಿಯುತ್ತದೋ!

"ಮೇಲಿಂದ ಕೊಯ್ಯಿ" ಎಂದು ಭಟ್ಟರು, "ಕೆಳಗಿಂದ" ಎಂದು ಗೌಡರು. ವಿಚಿತ್ರವೆಂದರೆ ಇಬ್ಬರೂ ಸರಿ: ಎರಡೂ ತುದಿಗೆ ಆಸರೆಯಿರುವ ದಿಮ್ಮಿಯನ್ನು ಸ್ವಲ್ಪ ಮೇಲಿಂದ ಕೊಯ್ದು, ಉಳಿದದ್ದನ್ನು ಕೆಳಗಿಂದ ಮುಗಿಸಬೇಕು, ಇಲ್ಲದಿದ್ದರೆ ಬಾರ್ ಕಚ್ಚಿಕೊಳ್ಳುತ್ತದೆ. ಇದನ್ನು ಅವರಿಗೆ ಹೇಳಿದರೆ ಜಗಳ ನಿಂತುಹೋಗುತ್ತದಲ್ಲ, ಹಾಗಾಗಿ ಹೇಳುವುದಿಲ್ಲ. ಕಿವಿಗೆ ಮಫ್ ಏರಿಸುತ್ತೇನೆ. ಎಂಜಿನ್ ಸದ್ದಿಗೆಂದೇ ಮಾಡಿದ್ದು ಅದು, ಭಟ್ಟರಿಗೂ ಸಾಕಾಗುತ್ತದೆ.

ಮರ ಕರೆಂಟ್ ತಂತಿಯ ಮೇಲೆ ಬಿದ್ದಿದ್ದರೆ ಮಾತ್ರ ನನ್ನನ್ನು ಕರೆಯಬೇಡಿ. ಲೈನ್‌ಮನ್‌ಗೆ ಫೋನ್ ಮಾಡಿ, ದೂರ ನಿಂತು ಎಷ್ಟು ಬೇಕಾದರೂ ಸಲಹೆ ಕೊಡಿ.