ಐದು ತಟ್ಟೆ, ಮೂರು ಹುಣಸೆಬೀಜ

ಅಕ್ಕಾ, ಅವರೆಬಳ್ಳಿ ಆಮೇಲೆ ಕಟ್ಟೋಣ, ಮೊದಲು ನಿಮ್ಮ ದೂರಿಗೆ ಉತ್ತರ ಹೇಳ್ತೀನಿ. ಮೊಮ್ಮಗಳು ಸ್ಕೂಲಲ್ಲಿ ಬರೀ ಮಾತಾಡ್ಕೊಂಡು ಕೂತಿರ್ತಾಳೆ ಅಂದ್ರಲ್ಲ?

ಅವಳಿರೋದು ನಲಿ-ಕಲಿ ತರಗತಿ. 1995ರಲ್ಲಿ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಲ್ಲೇ ಶುರುವಾದದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನ ನೋಡ್ಕೊಂಡು ಬಂದು, ತಾವೇ ಕೂತು ಪಾಠದ ಕಾರ್ಡು ಬರೆದ್ರು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ, ಐದು ತಟ್ಟೆ ಅಂತ ಐದು ಗುಂಪು. ಮೊದಲನೇ ತಟ್ಟೆಗೆ ಮೇಷ್ಟ್ರು ಪೂರಾ ಜೊತೆಗಿರಬೇಕು, ಕೊನೇದರಲ್ಲಿ ಮಗು ತಾನೇ ಕಲಿಯುತ್ತೆ. ನಡುವೆ ಸಹಪಾಠಿಗಳೇ ಒಬ್ಬರಿಗೊಬ್ಬರು ಹೇಳಿಕೊಡೋ ತಟ್ಟೆಗಳಿವೆ. ನೀವು ದೂರಿದ ಮಾತುಕತೆ ಅಲ್ಲಿಂದಲೇ ಬರೋದು.

ಸುತ್ತ ಕೂರಿಸಿದ ಮಾತ್ರಕ್ಕೆ ಮಕ್ಕಳು ಕೂಡಿ ಕಲಿಯೋಲ್ಲ, ಅದೂ ನಿಜ. ಚುರುಕಾದವನು ಥಟ್ಟನೆ ಉತ್ತರ ಹೇಳಿಬಿಡ್ತಾನೆ, ಮಿಕ್ಕವರು ಅವನ ಸ್ಲೇಟು ನೋಡ್ತಾರೆ. ನಾನು ನಾಲ್ಕನೇ ಕ್ಲಾಸು ತಗೊಳ್ತಿದ್ದಾಗ ಗುಂಪಲ್ಲಿ ಒಬ್ಬೊಬ್ಬರಿಗೂ ಮೂರು ಹುಣಸೆಬೀಜ ಕೊಡ್ತಿದ್ದೆ. ಒಂದು ಸಲ ಮಾತಾಡಿದರೆ ಒಂದು ಬೀಜ ನಡುವೆ ಇಡಬೇಕು, ಬೀಜ ಖಾಲಿಯಾದವರು ಕೇಳಿಸ್ಕೋಬೇಕು. ಮಾತಿನ ಮಲ್ಲರು ಯೋಚನೆ ಮಾಡಿ ಬಾಯಿ ತೆಗೆಯೋಕೆ ಶುರುಮಾಡಿದ್ರು. ಒಂದು ದಿನ ಊರಿನ ಕೆರೆ ಯಾಕೆ ತುಂಬ್ತಿಲ್ಲ ಅಂತ ಕೇಳಿದ್ದೆ. ಎಲ್ಲರೂ ಮಳೆ ಇಲ್ಲ, ಮಳೆ ಇಲ್ಲ ಅಂದು ಬೀಜ ಮುಗಿಸಿದ್ರು. ಯಾವತ್ತೂ ತುಟಿಬಿಚ್ಚದ ಹುಡುಗಿ ಕೈಯಲ್ಲಿ ಮೂರೂ ಉಳಿದಿತ್ತು. 'ನೀನು ಹೇಳೇ' ಅಂತ ಮಕ್ಕಳೇ ಅವಳ ಕಡೆ ತಿರುಗಿದ್ರು. ಭಾನುವಾರ ಆಡು ಮೇಯಿಸೋಕೆ ಹೋಗೋಳು ಅವಳು. ಕೆರೆಗೆ ನೀರು ತರೋ ಹಳ್ಳಕ್ಕೆ ಮಣ್ಣು ಸುರಿದಿದ್ದಾರೆ ಅಂದಳು. ಆಮೇಲೆ ಆ ಗುಂಪು ಅವಳನ್ನ ಬಿಟ್ಟು ಏನೂ ಮಾಡ್ತಿರಲಿಲ್ಲ.

ಒಬ್ಬರ ಮಾತು ಇನ್ನೊಬ್ಬರು ಕೇಳೋ ಹಾಗೆ ಮಾಡೋಕೆ ಇನ್ನೊಂದು ದಾರೀನೂ ಇದೆ. ಅಮೆರಿಕದ ಆಸ್ಟಿನ್ ಊರಲ್ಲಿ 1971ರಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನ ಒಂದೇ ಕ್ಲಾಸಲ್ಲಿ ಕೂರಿಸಿದಾಗ ದಿನಾ ಜಗಳ. ಎಲಿಯಟ್ ಆರನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಪಾಠವನ್ನೇ ತುಂಡುಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡಿಸಿದ್ರು. ಪಕ್ಕದವನ ಮಾತು ಕೇಳದಿದ್ದರೆ ಪಾಠ ಪೂರಾ ಸಿಗೋದೇ ಇಲ್ಲ. ಅಣಕಿಸೋದು ಬಿಟ್ಟು ಕೇಳಿ ತಿಳ್ಕೊಳ್ಳೋಕೆ ಶುರುಮಾಡಿದ್ವು ಮಕ್ಕಳು.

ಇದಕ್ಕೆಲ್ಲ ಮೇಷ್ಟ್ರು ಗುಂಪಿಂದ ಗುಂಪಿಗೆ ಓಡಾಡ್ತಾ, ಯಾರು ಸುಮ್ಮನಾದ್ರು ಅಂತ ಕಣ್ಣಿಟ್ಟಿರಬೇಕು ಅಕ್ಕಾ. ಬೋರ್ಡ್ ಮೇಲೆ ಬರೆದುಹಾಕೋದು ಇದಕ್ಕಿಂತ ಸುಲಭ. ಇವತ್ತು ಸಂಜೆ ಅವಳು ಬಂದಾಗ ಎಷ್ಟು ಬರೆದೆ ಅಂತ ಕೇಳಬೇಡಿ. ನಿನ್ನ ತಟ್ಟೇಲಿ ಯಾರ್ಯಾರು ಏನೇನು ಹೇಳಿದ್ರು ಅಂತ ಕೇಳಿ ನೋಡಿ.