ಹಾರುಹಲಗೆಯ ಪಂದ್ಯ

ಚಕ್ರವಿಲ್ಲದ ಹಲಗೆಯನ್ನೇರಿ ನೆಲ ಮುಟ್ಟದೆ ಸಂಚರಿಸುವ ಸೌಭಾಗ್ಯವು 2015ಕ್ಕೆ ಲಭಿಸುವುದೆಂದು 1989ರ ‘ಬ್ಯಾಕ್ ಟು ದಿ ಫ್ಯೂಚರ್’ ಚಲನಚಿತ್ರದ ಎರಡನೆಯ ಭಾಗವು ಹುಟ್ಟಿಸಿದ ಆಸೆಯನ್ನು, ಐದು ವರ್ಷ ಮುಂಚಿತವಾಗಿಯೇ ಪಡಸಾಲೆಯಲ್ಲಿ ಪೂರೈಸಹೊರಟ ಸೆಗಾ ಸಂಸ್ಥೆಯ ‘ಸೋನಿಕ್ ಫ್ರೀ ರೈಡರ್ಸ್’ ಎಂಬ ವಿಡಿಯೋ ಆಟದಲ್ಲಿ ಒತ್ತಲು ಗುಂಡಿಗಳಿಲ್ಲ. ಕಿನೆಕ್ಟ್ ಎಂಬ ಯಂತ್ರನೇತ್ರದ ಸಮ್ಮುಖದಲ್ಲಿ ಪಕ್ಕಕ್ಕೆ ತಿರುಗಿ ನಿಂತು, ಮೈ ಬಾಗಿಸಿದರೆ ಹಲಗೆ ಹೊರಳಬೇಕು, ಕುಪ್ಪಳಿಸಿದರೆ ನೆಗೆಯಬೇಕು, ತೋಳು ಬೀಸಿದರೆ ಪ್ರತಿಸ್ಪರ್ಧಿಯ ಮೇಲೆ ಅಸ್ತ್ರಪ್ರಯೋಗವಾಗಬೇಕು. ಬೇಕು, ನಿಜ! ಆದರೆ ವಿಮರ್ಶಕರನೇಕರು ಗೊಣಗಿದಂತೆ, ಆ ನೇತ್ರವು ನಮ್ಮ ತಾಂಡವವನ್ನು ಸಾವಕಾಶವಾಗಿ ಪರಾಂಬರಿಸಿ ಅಪ್ಪಣೆ ಕೊಡುವಷ್ಟರಲ್ಲಿ ತಿರುವು ಹಿಂದುಳಿದು ಗೋಡೆ ಎದುರಾಗಿರುವುದು. ಆಟಕ್ಕೆ ಮುನ್ನ ಆಯ್ಕೆಯ ಪಟ್ಟಿಯಲ್ಲಿ ಕೈಯಾಡಿಸುವುದಂತೂ ಪ್ರತ್ಯೇಕ ತಪಸ್ಸು. ವೇಗಕ್ಕೆಂದೇ ಹೆಸರಾದ ಆಟದ ನಾಯಕ ಸೋನಿಕನು ಗೋಡೆಗೊರಗಿ ಕಾಯುತ್ತಿರಲು, ಆಟಗಾರನು ಬೆವರೊರೆಸಿಕೊಳ್ಳುತ್ತ ಸೊಂಟಕ್ಕೆ ನೋವಿನೆಣ್ಣೆ ಹುಡುಕತೊಡಗುವನು.